ಕಿರುಚುವ ಡಿಸ್ಕ್ ಬ್ರೇಕ್: ಪ್ಯಾಡ್ ಉಜ್ಜುವುದೋ, ಬದಲಿಸುವುದೋ?

ಸಂಡೂರಿನ ಗುಡ್ಡಗಳ ಕೆಂಪು ಅದಿರು ಧೂಳಿನಲ್ಲಿ ಮೌಂಟನ್ ಬೈಕ್ ಓಡಿಸುವವರಿಗೆ ಡಿಸ್ಕ್ ಬ್ರೇಕಿನ ಕಿರುಚಾಟ ಹೊಸದಲ್ಲ. ಸದ್ದು ಬರೀ ಧೂಳಿನದಾಗಿದ್ದು ಹಿಡಿತ ಮೊದಲಿನಂತೆಯೇ ಇದ್ದರೆ, ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆಯಾದ ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ, ಅದನ್ನು ಒತ್ತಿ ಹಿಡಿಯುವ ಪ್ಯಾಡಿನ ಮೇಲ್ಮೈಯನ್ನು ಉಪ್ಪುಕಾಗದದಿಂದ ತೆಳುವಾಗಿ ಉಜ್ಜಿದರೆ ಸಾಕು.

ಸದ್ದಿನೊಂದಿಗೆ ಹಿಡಿತವೂ ಕುಗ್ಗಿದ್ದರೆ ಎಣ್ಣೆ ತಗುಲಿರುವ ಸಾಧ್ಯತೆಯೇ ಹೆಚ್ಚು. ಪ್ಯಾಡಿನ ಸೂಕ್ಷ್ಮ ರಂಧ್ರಗಳು ಎಣ್ಣೆಯನ್ನು ಹೀರಿಕೊಂಡಿರುವುದರಿಂದ, ಉಜ್ಜಿದ ಮೇಲೆ ಒಂದೆರಡು ಇಳಿಜಾರುಗಳಲ್ಲಿ ತೆಪ್ಪಗಿದ್ದ ಬ್ರೇಕು ಬಿಸಿಯೇರಿದೊಡನೆ ಮತ್ತೆ ಅರಚತೊಡಗುತ್ತದೆ. ಪ್ಯಾಡನ್ನು ಒಲೆಯ ಮೇಲೆ ಸುಡುವವರೂ ಇದ್ದಾರೆ. ಅಂಟು ಸಡಿಲವಾಗುವ ಅಪಾಯವಿರುವ ಆ ಉಳಿತಾಯ ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಹೊಸ ಪ್ಯಾಡೇ ಸರಿ. ಆದರೆ ಪ್ಯಾಡುಗಳನ್ನು ರೋಟರಿಗೆ ಒತ್ತುವ ಕ್ಯಾಲಿಪರ್ ಸೋರುತ್ತಿದೆಯೇ, ಚೈನಿಗೆ ಸಿಂಪಡಿಸಿದ ಎಣ್ಣೆ ರೋಟರಿಗೆ ಹಾರಿತೇ ಎಂಬುದನ್ನು ಮೊದಲು ನೋಡದಿದ್ದರೆ ಹೊಸದೂ ಹಾಳಾಗುತ್ತದೆ.

ಹೊಸ ಪ್ಯಾಡುಗಳಲ್ಲಿ ರೆಸಿನ್ (ರಾಳದಿಂದ ಬೆಸೆದದ್ದು) ಮೆತ್ತಗೆ, ಸದ್ದು ಕಡಿಮೆ, ಸವೆತ ಬೇಗ. ಲೋಹದ ಪ್ಯಾಡು ಶಾಖವನ್ನೂ ಮಳೆಗಾಲದ ಕೆಸರನ್ನೂ ಹೆಚ್ಚು ತಾಳುತ್ತದೆ, ಒದ್ದೆಯಾದಾಗ ಮಾತ್ರ ಜೋರಾಗಿ ಕೂಗುತ್ತದೆ; ರೆಸಿನ್ ಪ್ಯಾಡಿಗೆಂದೇ ಮಾಡಿದ ರೋಟರಿಗೆ ಅದನ್ನು ಹಾಕಬಾರದು. ಆನೆಗೊಂದಿಯ ಸುತ್ತ ಬೇಸಿಗೆಯಲ್ಲಿ ಸುತ್ತುವವರಿಗೆ ರೆಸಿನ್ ಸಾಕು, ಸಂಡೂರಿನ ದೀರ್ಘ ಇಳಿಜಾರಿಗೆ ಲೋಹವೇ ಮೇಲು. ಯಾವುದೇ ಆದರೂ, ಸಮತಟ್ಟು ರಸ್ತೆಯಲ್ಲಿ ಚಕ್ರ ಪೂರ್ತಿ ನಿಲ್ಲದಂತೆ ಇಪ್ಪತ್ತು ಬಾರಿಯಾದರೂ ಬ್ರೇಕ್ ಹಿಡಿದು ಪಳಗಿಸಿದ ನಂತರವೇ ಗುಡ್ಡ ಹತ್ತಬೇಕು.