ಉದ್ದದ ಕನ್ನಡ ಬರಹಕ್ಕೆ ಲಿಬ್ರೆಆಫೀಸ್ ರೈಟರ್

ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಸಲ್ಲಿಸುವ ಪಿಎಚ್‌ಡಿ ಪ್ರಬಂಧವಿರಲಿ, ಮಾಟುಂಗಾದಿಂದ ಡೊಂಬಿವಲಿಯವರೆಗಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆಯಿರಲಿ, ಅಚ್ಚಿಗೆ ಹೋಗುವ ಹೊತ್ತಿಗೆ ಕೈಕೊಡುವುದು ಪರಿವಿಡಿ ಮತ್ತು ಪುಟಸಂಖ್ಯೆ. ಲಿಬ್ರೆಆಫೀಸ್‌ನಲ್ಲಿ ಉಚಿತವಾಗಿ ಸಿಗುವ ಬರವಣಿಗೆಯ ತಂತ್ರಾಂಶ ರೈಟರ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು, ಮೊದಲ ದಿನದಿಂದಲೇ ಸ್ಟೈಲ್ (ಶೀರ್ಷಿಕೆ, ಪ್ಯಾರಾಗ್ರಾಫ್ ಮುಂತಾದವಕ್ಕೆ ಹೆಸರಿಟ್ಟು ಉಳಿಸಿದ ರೂಪ) ಬಳಸುವವರಿಗೆ.

ಅಧ್ಯಾಯದ ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ 1 ಒತ್ತಿದರೆ ಹೆಡಿಂಗ್ 1, ಉಪಶೀರ್ಷಿಕೆಗೆ 2. ಅಕ್ಷರ ದಪ್ಪ ಮಾಡಿ ಗಾತ್ರ 18ಕ್ಕೆ ಏರಿಸಿದ ಮಾತ್ರಕ್ಕೆ ಅದು ಶೀರ್ಷಿಕೆಯಾಗದು. ಪರಿವಿಡಿ ಖಾಲಿ ಬರುವುದು ಹೆಚ್ಚಾಗಿ ಇದರಿಂದಲೇ.

ಕನ್ನಡದವರು ಎಡವುವುದು ಫಾಂಟ್ ವಿಷಯದಲ್ಲಿ. ಎಫ್11 ಒತ್ತಿ ಸ್ಟೈಲ್ ತಿದ್ದುವಾಗ ಇಂಗ್ಲಿಷಿನಂಥ ಲಿಪಿಗಳಿಗೆ ವೆಸ್ಟರ್ನ್ ಮತ್ತು ಭಾರತೀಯ ಲಿಪಿಗಳಂಥವಕ್ಕೆ ಕಾಂಪ್ಲೆಕ್ಸ್ ಎಂದು ಬೇರೆ ಬೇರೆ ಆಯ್ಕೆಗಳಿರುತ್ತವೆ. ಕನ್ನಡ ಕಾಂಪ್ಲೆಕ್ಸ್‌ಗೆ ಸೇರಿದ್ದು. ವೆಸ್ಟರ್ನ್ ಕಡೆ ಏನು ಬದಲಿಸಿದರೂ ಕನ್ನಡ ಅಕ್ಷರ ಮಿಸುಕುವುದಿಲ್ಲ. ಆ ಆಯ್ಕೆಯೇ ಕಾಣದಿದ್ದರೆ ಟೂಲ್ಸ್‌ನ ಆಪ್ಷನ್ಸ್‌ನಲ್ಲಿ, ಭಾಷೆಯ ಭಾಗದೊಳಗೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಗುರುತು ಹಾಕಿ ಕನ್ನಡ ಆರಿಸಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಾದ ಲೇಖನಗಳನ್ನು ಎಲ್ಲ ಲಿಪಿಗಳ ಸಾಮಾನ್ಯ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿಯೇ ಸೇರಿಸಬೇಕು. ಇಲ್ಲದಿದ್ದರೆ ಸ್ಟೈಲ್ ಹಾಕಿದಾಗ ಫಾಂಟ್ ಬದಲಾದರೆ ಸಾಲುಗಳೆಲ್ಲ ಕಲಸುಮೇಲೋಗರ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ಒತ್ತಕ್ಷರಗಳ ಪ್ರೂಫ್ ನೋಡುವುದನ್ನು ದಯವಿಟ್ಟು ಬಿಡಬೇಡಿ.

ಈ ತಂತ್ರಾಂಶದ ನಿಜವಾದ ಬಲ ನ್ಯಾವಿಗೇಟರ್. ಎಫ್5 ಒತ್ತಿದರೆ ಶೀರ್ಷಿಕೆಗಳೆಲ್ಲ ಒಂದೇ ಪಟ್ಟಿಯಲ್ಲಿ ತೆರೆದುಕೊಳ್ಳುತ್ತವೆ. ನಾಲ್ಕನೇ ಅಧ್ಯಾಯವನ್ನು ಎರಡನೆಯದರ ಮೇಲಕ್ಕೆ ಎಳೆದರೆ ಉಪಶೀರ್ಷಿಕೆ, ಅಡಿಟಿಪ್ಪಣಿ ಸಮೇತ ಅಷ್ಟೂ ಸರಿಯುತ್ತದೆ. ಟಿಪ್ಪಣಿಗಳ ಸಂಖ್ಯೆ ತಾನೇ ಬದಲಾಗುತ್ತದೆ. ನಾನೂರು ಪುಟಗಳ ನಡುವೆ ಕತ್ತರಿಸಿ ಅಂಟಿಸಿ ಬಳಲಿದವರಿಗೆ ಇದರ ಬೆಲೆ ಗೊತ್ತು. ಚಿತ್ರವನ್ನು ಒಂದೆಡೆ ಕಟ್ಟಿಹಾಕುವ ಆ್ಯಂಕರ್ ಮಾತ್ರ ಪುಟಕ್ಕಲ್ಲ, ಪ್ಯಾರಾಗ್ರಾಫಿಗೆ ಇರಲಿ. ಪುಟಕ್ಕೆ ಕಟ್ಟಿದ ಚಿತ್ರ ಹಳೆಯ ಪುಟದಲ್ಲೇ ಉಳಿದುಬಿಡುತ್ತದೆ. ಪರಿವಿಡಿ ತಾನಾಗಿ ಬದಲಾಗದು, ಅದರ ಮೇಲೆ ಬಲಗುಂಡಿ ಒತ್ತಿ ಅಪ್‌ಡೇಟ್ ಮಾಡಬೇಕು.

ಮುನ್ನುಡಿಗೆ ರೋಮನ್ ಅಂಕಿ, ಮೊದಲ ಅಧ್ಯಾಯಕ್ಕೆ 1 ಬೇಕಾದರೆ ಎರಡು ಪೇಜ್ ಸ್ಟೈಲ್ ಇರಲೇಬೇಕು. ಇನ್ಸರ್ಟ್ ಮೆನುವಿನ ಮ್ಯಾನುಯಲ್ ಬ್ರೇಕ್‌ನಲ್ಲಿ ಮೊದಲು ಪೇಜ್ ಸ್ಟೈಲ್ ಆರಿಸಿ; ಆಮೇಲಷ್ಟೇ ಪುಟಸಂಖ್ಯೆ ಬದಲಿಸಲು ಬರುತ್ತದೆ. ರೈಟರ್‌ನಲ್ಲಿ ಬೆಸಸಂಖ್ಯೆಯ ಪುಟ ಯಾವಾಗಲೂ ಬಲಗಡೆಯದು. ಹಾಗಾಗಿ ನಡುವೆ ಖಾಲಿ ಪುಟವೊಂದು ತಾನಾಗಿ ಸೇರಬಹುದು. ಅದು ದೋಷವಲ್ಲ, ಅಚ್ಚಿಗೆ ಬೇಕಾದದ್ದೇ.

ಹಲವು ಲೇಖಕರ ಕಡತಗಳನ್ನು ಪೋಣಿಸುವ ಮಾಸ್ಟರ್ ಡಾಕ್ಯುಮೆಂಟ್ ಅಷ್ಟು ಹಿತವೆನಿಸುವುದಿಲ್ಲ. ಅದು ಇಟ್ಟುಕೊಳ್ಳುವುದು ಕೊಂಡಿಗಳನ್ನು ಮಾತ್ರ. ಉಪಕಡತದ ಹೆಸರು ಬದಲಿಸಿದರೆ ಆ ಅಧ್ಯಾಯ ಸಿಗದು. ಸ್ಟೈಲ್‌ನ ಹೆಸರು ಒಂದೇ ಇದ್ದರೆ ಮಾಸ್ಟರ್‌ನ ರೂಪವೇ ಎಲ್ಲಕ್ಕೂ ಬರುತ್ತದೆ, ಅದೊಂದು ಅನುಕೂಲ. ಒಬ್ಬರೇ ಬರೆಯುವ ಪ್ರಬಂಧಕ್ಕೆ ಒಂದೇ ಕಡತ ಸಾಕು. ಕೆಲಸ ಮುಗಿಯುವವರೆಗೆ ರೈಟರ್‌ನ ಸ್ವಂತ ಕಡತ ರೂಪವಾದ ಓಡಿಟಿಯಲ್ಲೇ ಉಳಿಸಿ, ಮುದ್ರಣಾಲಯಕ್ಕೆ ಪಿಡಿಎಫ್ ಕೊಡಿ.