ಜಿಂಕ್ ಸಲ್ಫೇಟ್ 21%, 10 ಕೆಜಿ ಚೀಲ: ಮಾಲು ಅಸಲಿ, ಹಾಕಿದ ರೀತಿಯೇ ತಪ್ಪು

ನಮ್ಮದು ಹರಿಹರದ ಕಡೆ, ಭದ್ರಾ ನಾಲೆಯ ಕೊನೆ ಭಾಗದ ಎರಡು ಎಕರೆ ಗದ್ದೆ. ಬೇಸಿಗೆಗೆ ನೀರು ಬರುವುದು ಅನುಮಾನ ಅಂತ ಹೋದ ವರ್ಷ ಭತ್ತ ಬಿಟ್ಟು ಮೆಕ್ಕೆಜೋಳ ಹಾಕಿದೆವು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸತು (ಜಿಂಕ್) 0.4 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಮಣ್ಣಿಗೆ 0.4 ಭಾಗ ಅಂತ ಬಂದಿತ್ತು. 0.6ಕ್ಕಿಂತ ಕೆಳಗಿದ್ದರೆ ಕೊರತೆ. ವರ್ಷಗಟ್ಟಲೆ ನೀರು ನಿಂತ ತಗ್ಗು ಜಮೀನು, ಅದರಲ್ಲೂ ಸುಣ್ಣದ ಅಂಶ ಜಾಸ್ತಿ ಇರುವ ಎರೆ ಮಣ್ಣು. ಸತು ಇದ್ದರೂ ಬೇರಿಗೆ ಸಿಗುವುದಿಲ್ಲ.

ಎಕರೆಗೊಂದು ಚೀಲದಂತೆ ಎರಡು ತಂದೆ. ಕಲ್ಲುಸಕ್ಕರೆ ಪುಡಿಯಂಥ ಹರಳು, ಒಳಗೆ ಪ್ಲಾಸ್ಟಿಕ್ ಕವರು, ಗಂಟು ಕಟ್ಟಿರಲಿಲ್ಲ. ಅಂಗಡಿಯವರು "ಡಿಎಪಿ ಜೊತೆ ಬೆರೆಸಿ ಹಾಕಿಬಿಡಿ, ಒಂದೇ ಕೆಲಸ" ಅಂದರು. ರಂಜಕ (ಫಾಸ್ಫರಸ್) ಇರುವ ಆ ಗೊಬ್ಬರದ ಜೊತೆ ಹಾಗೇ ಬೆರೆಸಿ ಹಾಕಿದೆ.

ಹದಿನೈದು ದಿನಕ್ಕೆ ಸುಳಿ ಬೆಳ್ಳಗಾಯಿತು. ಹೊಸ ಎಲೆಯ ಬುಡದಲ್ಲಿ, ನಡುನರದ ಎರಡೂ ಪಕ್ಕ ಅಗಲವಾದ ಬಿಳಿ ಪಟ್ಟೆ, ಸತು ಕೊರತೆಯದೇ ಗುರುತು. ಕಲಬೆರಕೆ ಮಾಲು ಕೊಟ್ಟಿದ್ದಾರೆ ಅಂತ ಸಿಟ್ಟು ಬಂತು. ಜಿಂಕ್ ಸಲ್ಫೇಟ್‌ಗೆ ಮೆಗ್ನೀಸಿಯಂ ಸಲ್ಫೇಟ್ ಬೆರೆಸುವುದು ಹಳೇ ಮೋಸ ಅಲ್ವಾ? ಒಂದು ಲೋಟದಲ್ಲಿ ಡಿಎಪಿ, ಇನ್ನೊಂದರಲ್ಲಿ ಜಿಂಕ್ ಕರಗಿಸಿ ಎರಡನ್ನೂ ಸೇರಿಸಿದೆ. ಒಡೆದ ಹಾಲಿನ ಹಾಗೆ ಗಟ್ಟಿ ಗಟ್ಟಿಯಾಗಿ ಬೆಳ್ಳಗೆ ತಳಕ್ಕೆ ಕೂತಿತು. ಬರೀ ಮೆಗ್ನೀಸಿಯಂ ಆಗಿದ್ದರೆ ಹೀಗೆ ಕೂರುವುದಿಲ್ಲ. ಮಾಲು ಅಸಲಿಯೇ. ಖುಷಿಪಡುವಷ್ಟರಲ್ಲಿ ಹೊಳೆಯಿತು: ಲೋಟದಲ್ಲಿ ಆದದ್ದೇ ನನ್ನ ಸಾಲಿನಲ್ಲೂ ಆಗಿದೆ! ರಂಜಕದ ಜೊತೆ ಗಟ್ಟಿಯಾಗಿ ಕೂತ ಸತು ಗಿಡಕ್ಕೆಲ್ಲಿ ಸಿಗಬೇಕು? "ಅಂಗಡಿಯವರಿಗೂ ಆ ಲೋಟ ತೋರಿಸಿ ಬನ್ನಿ" ಅಂದಳು ಹೆಂಡತಿ.

ಚೀಲದಲ್ಲಿ ಎರಡು ಕೆಜಿ ಉಳಿದಿತ್ತು, ಪುಣ್ಯ. 16 ಲೀಟರ್ ಕ್ಯಾನಿಗೆ 80 ಗ್ರಾಂ ಜಿಂಕ್, ಎಲೆ ಸುಡದಿರಲಿ ಅಂತ 40 ಗ್ರಾಂ ಸುಣ್ಣದ ಸೋಸಿದ ತಿಳಿ. ಸಂಜೆ ಹೊತ್ತು ಹೊಡೆದೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಬೆಳ್ಳಗಾದ ಎಲೆ ಹಾಗೇ ಉಳಿಯಿತು, ಆಮೇಲಿನ ಸುಳಿ ಹಸಿರಾಗಿ ಬಂತು.

ಕೊಳ್ಳುವವರು ಚೀಲದ ಮೇಲಿನ ಅಂಕಿ ನೋಡಿ. ಪಕ್ಕದಲ್ಲೇ 33% ಇಟ್ಟಿರುತ್ತಾರೆ, ಅದರ ಅಳತೆ ಬೇರೆ, ಕಡಿಮೆ ಸಾಕು. ಜಿಂಕನ್ನು ಕೊನೆಯ ಉಳುಮೆಯಲ್ಲಿ ತಿಪ್ಪೆಗೊಬ್ಬರದ ಜೊತೆ ಬೆರೆಸಿ ಎರಚಿ, ಡಿಎಪಿ ಬಿತ್ತುವಾಗ ಬೇರೆಯಾಗಿ ಕೊಡಿ.

ಐದಕ್ಕೆ ನಾಲ್ಕು ಸ್ಟಾರ್. ಡಿಎಪಿ ಜೊತೆ ಬೆರೆಸಬೇಡಿ ಅಂತ ಚೀಲದ ಮೇಲೆ ಒಂದು ಸಾಲು ಕನ್ನಡದಲ್ಲಿ ಬರೆದಿದ್ದರೆ ಐದೂ ಕೊಡುತ್ತಿದ್ದೆ.