ಮಲೆನಾಡಿನ ಹಳ್ಳಿಗೆ ಆರ್‌ಒ ಘಟಕವೋ, ಮರಳು ಶೋಧಕವೋ?

ತೀರ್ಥಹಳ್ಳಿ ಕಡೆಯ ಹಳ್ಳಿಗೆ ಆರ್‌ಒ ಘಟಕ (ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣ ತೆಗೆಯುವ ಯಂತ್ರ), ಮರಳು ಶೋಧಕ ಇವೆರಡರಲ್ಲಿ ಯಾವುದು ಸೂಕ್ತ ಎಂಬ ಪ್ರಶ್ನೆಗೆ ನೀರಿನ ಪರೀಕ್ಷಾ ವರದಿಯೇ ಮೊದಲ ಉತ್ತರ. ಕುಡಿಯುವ ನೀರಿನ ಭಾರತೀಯ ಮಾನಕವು ಕರಗಿದ ಲವಣಾಂಶಕ್ಕೆ ಲೀಟರಿಗೆ 500 ಮಿಲಿಗ್ರಾಂ ಮಿತಿ ಹೇಳುತ್ತದೆ, ಬೇರೆ ಮೂಲವಿಲ್ಲದಾಗ 2000ದವರೆಗೂ ಒಪ್ಪುತ್ತದೆ. ಮಲೆನಾಡಿನ ಹಳ್ಳ ಮತ್ತು ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಇದಕ್ಕಿಂತ ಬಹಳ ಕೆಳಗಿರುತ್ತದೆ. ಇಲ್ಲಿ ಕಾಡುವುದು ಮಳೆಗಾಲದ ಕೆಂಪು ರಾಡಿ, ರೋಗಾಣುಗಳು, ಕೆಲವು ಕೊಳವೆಬಾವಿಗಳಲ್ಲಿ ಕಬ್ಬಿಣದ ಅಂಶ.

ವೆಚ್ಚದಲ್ಲಿ ಅಂತರ ದೊಡ್ಡದು. ಆರ್‌ಒ ಘಟಕಕ್ಕೆ ಒತ್ತಡದ ಪಂಪು, ನಿರಂತರ ವಿದ್ಯುತ್ತು, ಕೆಲವು ವರ್ಷಗಳಿಗೊಮ್ಮೆ ಹೊಸ ಪೊರೆ ಬೇಕು. ಕಬ್ಬಿಣವನ್ನು ಮೊದಲೇ ತೆಗೆಯದಿದ್ದರೆ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ಹೇಗಿದ್ದರೂ ಒಳಹೋದ ನೀರಿನ ಗಣನೀಯ ಪಾಲು ತ್ಯಾಜ್ಯವಾಗಿ ಹೊರಬರುತ್ತದೆ. ಗಾಳಿಮಳೆಗೆ ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಇದನ್ನು ಹಗುರವಾಗಿ ಎಣಿಸಬಾರದು.

ನೀರು ಮರಳಿನ ಮೂಲಕ ಮೆಲ್ಲಗೆ ಇಳಿಯುವ ನಿಧಾನ ಮರಳು ಶೋಧಕವು ಇಳಿಜಾರಿನ ಬಲದಿಂದಲೇ ನಡೆಯುತ್ತದೆ, ಊರಿನವರೇ ಮರಳಿನ ಮೇಲ್ಪದರ ಕೆರೆದು ಶುಚಿಗೊಳಿಸಬಹುದು. ಆದರೆ ಅದಕ್ಕೆ ಜಾಗ ಹೆಚ್ಚು ಬೇಕು, ರಾಡಿ ತಡೆಯಲು ಅದಕ್ಕೂ ಮೊದಲು ಜಲ್ಲಿ ಶೋಧಕವಿರಬೇಕು, ಕೊನೆಗೆ ಕ್ಲೋರಿನ್ ತಪ್ಪಬಾರದು. ಲವಣವನ್ನಾಗಲೀ ಫ್ಲೋರೈಡನ್ನಾಗಲೀ ಅದು ತೆಗೆಯಲಾರದು.

ಆದ್ದರಿಂದ ಹಳ್ಳದ ನೀರನ್ನೇ ನಂಬಿದ ಊರಿಗೆ ಮರಳು ಶೋಧಕವನ್ನೇ ಸೂಚಿಸುತ್ತೇನೆ. ಬಯಲುಸೀಮೆಗೆ ಹತ್ತಿರದ ಕೊಳವೆಬಾವಿಯೊಂದೇ ಆಸರೆಯಾಗಿ, ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ, ಕುಡಿಯಲು ಮತ್ತು ಅಡುಗೆಗೆ ಮಾತ್ರ ಸಣ್ಣ ಆರ್‌ಒ ಘಟಕವಿಡುವುದು ಸರಿ.